ಸುಳ್ಳು ವೀನಸ್, ನಿಜ ಹೇಳಿದ ಅಲಾರಂ

(‘ಹೌ ಟು ಸ್ಟೀಲ್ ಎ ಮಿಲಿಯನ್’ ಚಿತ್ರಪ್ರದರ್ಶನದ ನಂತರ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಈಗ ತಾನೇ ನೋಡಿದ ಸಿನಿಮಾದಲ್ಲಿ ಮ್ಯೂಸಿಯಂನ ಅಲಾರಂ ಒಮ್ಮೆ ಹೊಡೆದುಕೊಂಡಿತು, ಮತ್ತೆ ಹೊಡೆದುಕೊಂಡಿತು. ಪ್ರತಿ ಸಲವೂ ಅದು ಹೇಳಿದ್ದು ನಿಜವನ್ನೇ. ಒಳಗೆ ಕಳ್ಳ ಇದ್ದಾನೆ, ವೀನಸ್ ಮೂರ್ತಿಯ ಪಕ್ಕದಲ್ಲಿ ಏನೋ ಹಾದುಹೋಯಿತು, ಬಂದು ನೋಡಿ ಅಂತ ಅರಚಿಕೊಂಡಿತು. ಕೊನೆಗೆ ಕಾವಲಿನವರು ಏನು ಮಾಡಿದರು? ಅಲಾರಂ ಅನ್ನೇ ಆಫ್ ಮಾಡಿದರು. ಅದೇ ಹಾಲ್‌ನ ನಡುವೆ ಗಾಜಿಲ್ಲದ ಪೀಠದ ಮೇಲೆ ನಿಂತಿದ್ದ ವೀನಸ್ ಮಾತ್ರ ಅಡಿಯಿಂದ ಮುಡಿಯವರೆಗೆ ಸುಳ್ಳು. ಅದನ್ನು ನೋಡಲು ಪ್ಯಾರಿಸ್ ಊರೇ ಸಾಲು ನಿಂತಿದೆ. ಅದಕ್ಕೆ ಹತ್ತು ಲಕ್ಷ ಡಾಲರ್ ವಿಮೆ ಮಾಡಿಸಿದ್ದಾರೆ. ಹಗಲೂ ರಾತ್ರಿ ಸಮವಸ್ತ್ರದ ಕಾವಲಿದೆ.

ಸುಳ್ಳು ಹೇಳುವ ಮೂರ್ತಿಯನ್ನು ಎಲ್ಲರೂ ನಂಬುತ್ತಾರೆ. ನಿಜ ಹೇಳುವ ಯಂತ್ರವನ್ನು ಯಾರೂ ನಂಬುವುದಿಲ್ಲ. ನನಗೆ ಈ ಸಿನಿಮಾ ಇಷ್ಟೊಂದು ಹಿಡಿಸಿರುವುದು ಇದಕ್ಕೇ. ನೋಡುವಾಗ ನಕ್ಕು ಹಗುರಾಗಿ ಎದ್ದು ಹೋಗಬಹುದಾದ ಸಿನಿಮಾ ಇದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಳಗೆ ಒಂದು ಗಟ್ಟಿ ವಿಚಾರ ಇದೆ. ನಕಲಿ ಮಾಡುವವನೂ ಕಳ್ಳನೂ ಕೆಲಸ ಮಾಡುವುದು ಬಣ್ಣದ ಮೇಲೋ ಬೀಗದ ಮೇಲೋ ಅಲ್ಲ, ಜನರ ನಂಬಿಕೆಯ ಮೇಲೆ. ಒಬ್ಬ ಸುಳ್ಳನ್ನು ನಂಬಿಸುತ್ತಾನೆ, ಇನ್ನೊಬ್ಬ ನಿಜವನ್ನು ನಂಬದ ಹಾಗೆ ಮಾಡುತ್ತಾನೆ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಇದನ್ನು ಓದುವವರಲ್ಲಿ ಸಿನಿಮಾ ನೋಡದವರೂ ಇರುತ್ತಾರೆ. ಅವರಿಗಾಗಿ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಪ್ಯಾರಿಸ್‌ನಲ್ಲಿ ಶಾರ್ಲ್ ಬೊನೆ ಅನ್ನುವ ಶ್ರೀಮಂತ. ಹೊರಗಿನವರಿಗೆ ಆತ ದೊಡ್ಡ ಕಲಾ ಸಂಗ್ರಾಹಕ. ಮನೆಯಲ್ಲಿ ಒಂದು ದೊಡ್ಡ ಬೀರು ಇದೆ, ಅದರ ಹಿಂದೆ ಗುಟ್ಟಿನ ಕೋಣೆ. ಅಲ್ಲಿ ಕೂತು ಆತ ತಾನೇ ಸೆಜಾನ್, ವ್ಯಾನ್‌ಗೋ ಚಿತ್ರಗಳನ್ನು ಬರೆಯುತ್ತಾನೆ. ಅವನ ಮಗಳು ನಿಕೋಲ್‌ಗೆ ಇದೆಲ್ಲ ಗೊತ್ತು, ಬೇಡಪ್ಪಾ ಅಂತ ಗೋಗರೆಯುತ್ತಲೇ ಇರುತ್ತಾಳೆ. ಬೊನೆ ಒಂದು ದಿನ ಮನೆಯಲ್ಲಿದ್ದ ‘ಚೆಲ್ಲಿನಿಯ ವೀನಸ್’ ಮೂರ್ತಿಯನ್ನು ಮ್ಯೂಸಿಯಂಗೆ ಪ್ರದರ್ಶನಕ್ಕೆ ಕೊಡುತ್ತಾನೆ. ಚೆಲ್ಲಿನಿ ಅಂದರೆ 16ನೇ ಶತಮಾನದ ಇಟಲಿಯ ದೊಡ್ಡ ಶಿಲ್ಪಿ. ಆದರೆ ಅದನ್ನು ಮಾಡಿದ್ದು ಚೆಲ್ಲಿನಿ ಅಲ್ಲ, ಬೊನೆಯ ಅಪ್ಪ. ರೂಪದರ್ಶಿಯಾಗಿ ನಿಂತವಳು ನಿಕೋಲ್‌ಳ ಅಜ್ಜಿ. ವಿಮೆಯ ಕಾಗದಕ್ಕೆ ಬೊನೆ ಖುಷಿಯಿಂದ ಸಹಿ ಹಾಕುತ್ತಾನೆ. ಸಹಿ ಹಾಕಿದ ಮೇಲೆ ಗೊತ್ತಾಗುತ್ತದೆ, ವಿಮೆ ಅಂದರೆ ತಜ್ಞರ ಪರೀಕ್ಷೆಯೂ ಸೇರಿದೆ. ಪರೀಕ್ಷೆ ಆದರೆ ಅಪ್ಪ ಜೈಲಿಗೆ. ಉಳಿದಿರುವ ದಾರಿ ಒಂದೇ: ತಮ್ಮದೇ ಮೂರ್ತಿಯನ್ನು ತಾವೇ ಕದಿಯಬೇಕು. ಅದಕ್ಕೆ ನಿಕೋಲ್ ಹುಡುಕಿಕೊಂಡು ಹೋಗುವುದು ಸೈಮನ್ ಡರ್ಮಟ್ ಅನ್ನುವ ಕಳ್ಳನನ್ನು. ನಿಜಕ್ಕೂ ಅವನು ಕಳ್ಳನೇ ಅಲ್ಲ, ನಕಲಿ ಕಲಾಕೃತಿ ಪತ್ತೆ ಮಾಡುವ ತಜ್ಞ. ಇದು ನಮಗೂ ಅವಳಿಗೂ ಗೊತ್ತಾಗುವುದು ತಡವಾಗಿ.

ಸಿನಿಮಾ ಬಿಡುಗಡೆಯಾದದ್ದು 1966ರಲ್ಲಿ. ನಿರ್ದೇಶನ ವಿಲಿಯಂ ವೈಲರ್. ನಿಕೋಲ್ ಆಗಿ ಆಡ್ರೆ ಹೆಪ್‌ಬರ್ನ್, ಸೈಮನ್ ಆಗಿ ಪೀಟರ್ ಓಟೂಲ್, ಅಪ್ಪನಾಗಿ ಹ್ಯೂ ಗ್ರಿಫಿತ್. ಚಿತ್ರಕಥೆ ಹ್ಯಾರಿ ಕರ್ನಿಟ್ಜ್ ಅವರದ್ದು. ವೈಲರ್ 1953ರಲ್ಲಿ ‘ರೋಮನ್ ಹಾಲಿಡೇ’ ಮಾಡಿ ಹೆಪ್‌ಬರ್ನ್ ಅವರನ್ನು ಜಗತ್ತಿಗೆ ಪರಿಚಯಿಸಿದವರು. 1961ರಲ್ಲಿ ಇಬ್ಬರೂ ಮತ್ತೆ ಜೊತೆಯಾದರು. ಇದು ಅವರ ಮೂರನೆಯ ಸಿನಿಮಾ, ಕೊನೆಯದ್ದೂ ಹೌದು. ಗ್ರಿಫಿತ್ ಅವರಿಗೆ ಆಸ್ಕರ್ ಬಂದಿದ್ದು ವೈಲರ್ ಅವರದ್ದೇ ‘ಬೆನ್‌ಹರ್’ನಲ್ಲಿ. ಸಂಗೀತದ ಕೆಳಗೆ ‘ಜಾನಿ ವಿಲಿಯಮ್ಸ್’ ಅಂತ ಹೆಸರು ಬಂತಲ್ಲ, ಅವರೇ ಮುಂದೆ ‘ಜಾಸ್’, ‘ಸ್ಟಾರ್ ವಾರ್ಸ್’ ಸಂಗೀತ ಮಾಡಿದ ಜಾನ್ ವಿಲಿಯಮ್ಸ್. ಹೆಪ್‌ಬರ್ನ್ ಬಟ್ಟೆಗಳೆಲ್ಲ ಫ್ರಾನ್ಸ್‌ನ ವಸ್ತ್ರವಿನ್ಯಾಸಕ ಜಿವಾಂಶಿ ಅವರದ್ದು. ಮೊದಲ ದೃಶ್ಯದಲ್ಲಿ ಬಿಳಿ ಟೋಪಿ, ಬಿಳಿ ಚೌಕಟ್ಟಿನ ಕಪ್ಪು ಕನ್ನಡಕ, ಪುಟ್ಟ ಕೆಂಪು ಕಾರು. ಅರವತ್ತರ ದಶಕದ ಫ್ಯಾಷನ್ ಇಷ್ಟಪಡುವವರಿಗೆ ಅದೊಂದೇ ಸಾಕು. ಬಟ್ಟೆಯ ಮಾತು ಬಿಡೋಣ, ನನಗೆ ಅಪ್ಪನ ಹತ್ತಿರ ಹೋಗುವ ಆತುರ.

ಬೊನೆಗೆ ತಾನು ಮಾಡುವುದು ಮೋಸ ಅಂತ ಅನ್ನಿಸುವುದೇ ಇಲ್ಲ. ವ್ಯಾನ್‌ಗೋ ಬದುಕಿದ್ದಾಗ ಮಾರಿದ್ದು ಒಂದೇ ಚಿತ್ರ, ಅವರ ನೆನಪಿನಲ್ಲಿ ನಾನು ಆಗಲೇ ಎರಡು ಮಾರಿದ್ದೇನೆ ಅಂತ ಮಗಳ ಮುಂದೆ ಎದೆ ತಟ್ಟಿ ಹೇಳುತ್ತಾನೆ. ಗ್ರಿಫಿತ್ ಅವರ ಆ ದಪ್ಪ ಹುಬ್ಬು, ಆ ದೊಡ್ಡ ಕಣ್ಣು ನೋಡಿ. ಆತ ಹೇಳುವುದನ್ನು ಮೊದಲು ನಂಬುವವನು ಆತನೇ. ಒಳ್ಳೆಯ ನಕಲಿಗಾರನ ಲಕ್ಷಣ ಅದು. ಅವನು ಅಸಲಿ ಕಲಾವಿದನನ್ನು ಪ್ರೀತಿಸುತ್ತಾನೆ, ಅವನ ಕೈಯ ಓಟ ಕಲಿಯುತ್ತಾನೆ, ಹಳೆಯ ಕ್ಯಾನ್ವಾಸ್ ಹುಡುಕುತ್ತಾನೆ. ಆಮೇಲೆ ಎದುರಿನವನಿಗೆ ಬೇಕಾದದ್ದನ್ನು ಅವನ ಕೈಗಿಡುತ್ತಾನೆ.

ಇದು ಸಿನಿಮಾದ ಕಟ್ಟುಕಥೆ ಅಂದುಕೊಳ್ಳಬೇಡಿ. ನೆದರ್ಲೆಂಡ್ಸ್‌ನ ಹಾನ್ ವಾನ್ ಮೇಗರೆನ್ ಕಥೆ ಇದಕ್ಕಿಂತ ದೊಡ್ಡದು. ಅವನು 17ನೇ ಶತಮಾನದ ಯಾವುದೋ ಸಾಧಾರಣ ಚಿತ್ರ ಕೊಂಡು, ಅದರ ಬಣ್ಣ ಕೆರೆದು, ಅದೇ ಕ್ಯಾನ್ವಾಸ್ ಮೇಲೆ ಹೊಸದಾಗಿ ‘ವರ್ಮೀರ್’, ಅಂದರೆ ಆ ಶತಮಾನದ ಹೆಸರಾಂತ ಡಚ್ ಚಿತ್ರಕಾರ ವರ್ಮೀರ್‌ನದ್ದು ಅನ್ನುವಂಥ ಚಿತ್ರ, ಬರೆಯುತ್ತಿದ್ದ. ಎಣ್ಣೆಬಣ್ಣ ಪೂರ್ತಿ ಗಟ್ಟಿಯಾಗಲು ಹತ್ತಾರು ವರ್ಷ ಬೇಕು. ಹೊಸ ಬಣ್ಣಕ್ಕೆ ಆಲ್ಕೋಹಾಲ್ ತಾಗಿಸಿದರೆ ಕರಗುತ್ತದೆ, ಗುಟ್ಟು ಬಯಲಾಗುತ್ತದೆ. ಅದಕ್ಕೆ ಬಣ್ಣಕ್ಕೆ ಬೇಕ್‌ಲೈಟ್ ಥರದ ರಾಳ ಬೆರೆಸಿ ಒಲೆಯಲ್ಲಿಟ್ಟು ಬಿಸಿ ಮಾಡುತ್ತಿದ್ದ. ಆಮೇಲೆ ಕ್ಯಾನ್ವಾಸ್ ಅನ್ನು ಉರುಳೆಗೆ ಸುತ್ತಿ ಬಿರುಕು ಮೂಡಿಸಿ, ಬಿರುಕಿನೊಳಗೆ ಕಪ್ಪು ತುಂಬುತ್ತಿದ್ದ. ನೂರಾರು ವರ್ಷದ ಕೊಳೆ ಕೂತಂತೆ ಕಾಣುತ್ತಿತ್ತು.

ಆದರೆ ಅವನನ್ನು ಗೆಲ್ಲಿಸಿದ್ದು ಒಲೆಯಲ್ಲ. ಅಬ್ರಹಾಂ ಬ್ರೇಡಿಯಸ್ ಅನ್ನುವ ಆ ಕಾಲದ ಬಹಳ ದೊಡ್ಡ ಕಲಾ ತಜ್ಞರಿದ್ದರು. ವರ್ಮೀರ್ ಧಾರ್ಮಿಕ ಚಿತ್ರಗಳನ್ನೂ ಇನ್ನಷ್ಟು ಬರೆದಿರಬೇಕು, ಎಲ್ಲೋ ಕಳೆದುಹೋಗಿವೆ ಅನ್ನುವ ಮಾತು ತಜ್ಞರಲ್ಲಿ ಮೊದಲೇ ಇತ್ತು. ಮೇಗರೆನ್ ಸರಿಯಾಗಿ ಅಂಥದ್ದೇ ಚಿತ್ರ ಬರೆದು ಮುಂದಿಟ್ಟ. 1937ರಲ್ಲಿ ಬ್ರೇಡಿಯಸ್ ಅದನ್ನು ವರ್ಮೀರ್‌ನ ಶ್ರೇಷ್ಠ ಕೃತಿ ಅಂತ ಹೊಗಳಿ ಬರೆದರು. ರಾಟರ್‌ಡ್ಯಾಮ್‌ನ ಮ್ಯೂಸಿಯಂ ಅದನ್ನು ಕೊಂಡುಕೊಂಡಿತು. ಯುದ್ಧ ಮುಗಿದ ಮೇಲೆ 1945ರಲ್ಲಿ ಮೇಗರೆನ್ ಬಂಧನವಾಯಿತು. ನಕಲಿ ಮಾಡಿದ್ದಕ್ಕಲ್ಲ, ದೇಶದ ಸೊತ್ತಾದ ವರ್ಮೀರ್ ಅನ್ನು ನಾಜಿ ನಾಯಕ ಗೋರಿಂಗ್‌ಗೆ ಮಾರಿದ್ದಕ್ಕೆ. ದೇಶದ್ರೋಹದಿಂದ ಪಾರಾಗಲು ಅವನು ನಿಜ ಹೇಳಿದ: ಅದನ್ನು ಬರೆದದ್ದು ನಾನೇ. ನಂಬಿಸಲು ಕಾವಲಿನವರ ಕಣ್ಣೆದುರೇ ಇನ್ನೊಂದು ‘ವರ್ಮೀರ್’ ಬರೆದು ತೋರಿಸಬೇಕಾಯಿತು. ಅಷ್ಟು ವರ್ಷ ಅವನ ಸುಳ್ಳನ್ನು ಜನ ಸುಲಭವಾಗಿ ನಂಬಿದ್ದರು, ನಿಜ ಹೇಳಿದಾಗ ಸಾಕ್ಷಿ ಕೇಳಿದರು. 1947ರಲ್ಲಿ ಒಂದು ವರ್ಷ ಜೈಲು ಅಂತ ತೀರ್ಪು ಬಂತು. ಶಿಕ್ಷೆ ಶುರುವಾಗುವ ಮೊದಲೇ, ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡ.

ಸಿನಿಮಾದ ಬೊನೆಗೂ ಇದು ಚೆನ್ನಾಗಿ ಗೊತ್ತು. ತಜ್ಞರ ಸೂಕ್ಷ್ಮದರ್ಶಕಕ್ಕೆ ಅವನು ಹೆದರುತ್ತಾನೆ, ತಜ್ಞರ ಕಣ್ಣಿಗಲ್ಲ. ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ ಅಲ್ವಾ?

ಈಗ ಸೈಮನ್ ಹತ್ತಿರ ಬರೋಣ. ಅವರಿಬ್ಬರು ಮೊದಲ ಸಲ ಸಿಗುವ ರಾತ್ರಿಯನ್ನು ಸ್ವಲ್ಪ ನಿಧಾನವಾಗಿ ನೆನಪಿಸಿಕೊಳ್ಳಿ. ನಿಕೋಲ್ ಹಾಸಿಗೆಯಲ್ಲಿ ಪತ್ತೇದಾರಿ ಕಥೆಗಳ ಪತ್ರಿಕೆ ಓದುತ್ತಿದ್ದಾಳೆ. ಕೆಳಗೆ ಸದ್ದು. ಗೋಡೆಯ ಮೇಲಿದ್ದ ಹಳೇ ಪಿಸ್ತೂಲು ಹಿಡಿದು ಇಳಿದು ಬರುತ್ತಾಳೆ. ನೋಡಿದರೆ ಉದ್ದನೆಯ, ನೀಲಿ ಕಣ್ಣಿನ, ಸೂಟು ಹಾಕಿದ ಕಳ್ಳ. ಕೈಯಲ್ಲಿ ಅಪ್ಪನ ವ್ಯಾನ್‌ಗೋ. ಪೊಲೀಸರಿಗೆ ಫೋನ್ ಮಾಡಲು ಹೊರಟವಳು ಅಲ್ಲೇ ನಿಲ್ಲುತ್ತಾಳೆ. ಪೊಲೀಸರು ಬಂದರೆ ಕಳ್ಳನ ಜೊತೆ ಚಿತ್ರವನ್ನೂ ನೋಡುತ್ತಾರಲ್ಲ! ಫೋನ್ ಕೆಳಗಿಡುತ್ತಾಳೆ. ಹೆಪ್‌ಬರ್ನ್ ಮುಖದಲ್ಲಿ ಆ ಲೆಕ್ಕಾಚಾರ ಓಡುವುದನ್ನು ನೋಡುವುದೇ ಒಂದು ಖುಷಿ. ಅಷ್ಟರಲ್ಲಿ ಪಿಸ್ತೂಲು ತಾನಾಗಿ ಸಿಡಿದು ಅವನ ತೋಳಿಗೆ ಗೀರುತ್ತದೆ. ಗಾಯಕ್ಕೆ ಅಯೋಡಿನ್ ಹಚ್ಚುತ್ತಾಳೆ, ಕೊನೆಗೆ ರಾತ್ರಿ ಉಡುಪಿನ ಮೇಲೆ ಕೋಟು ಹಾಕಿಕೊಂಡು ಅವನದ್ದೇ ಕಾರಿನಲ್ಲಿ ಅವನನ್ನು ರಿಟ್ಜ್ ಹೋಟೆಲ್‌ಗೆ ಬಿಟ್ಟು ಬರುತ್ತಾಳೆ.

ಈ ದೃಶ್ಯದಲ್ಲಿ ಕಳ್ಳ ಸುಳ್ಳು. ಅವನು ಬಂದಿದ್ದು ಬಣ್ಣದ ಒಂದು ಚೂರು ಕೆರೆದುಕೊಂಡು ಹೋಗಿ ಪರೀಕ್ಷಿಸಲು. ಮನೆಯೊಡತಿಯ ಉದಾರತೆಯೂ ಸುಳ್ಳು, ಅದು ಭಯ. ಗೋಡೆಯ ಚಿತ್ರವೂ ಸುಳ್ಳು. ಇಷ್ಟೂ ಸುಳ್ಳಿನ ನಡುವೆ ಇಬ್ಬರಿಗೆ ಒಬ್ಬರ ಮೇಲೊಬ್ಬರಿಗೆ ಹುಟ್ಟುವ ಕುತೂಹಲ ಒಂದೇ ನಿಜ. ಚಿತ್ರಕಥೆಯ ಅಂದ ಇಲ್ಲಿದೆ. ‘ನಾನು ಕಳ್ಳನಲ್ಲ’ ಅಂತ ಹೇಳಿದ್ದರೆ ಸೈಮನ್‌ಗೆ ಅವಳು ಮತ್ತೆ ಸಿಗುತ್ತಲೇ ಇರಲಿಲ್ಲ. ಕಳ್ಳ ಅಂತ ನಂಬಿದ್ದಕ್ಕೇ ಅವಳು ಹುಡುಕಿಕೊಂಡು ಬಂದು, ವೀನಸ್ ಕದ್ದುಕೊಡು ಅಂತ ಕೇಳುತ್ತಾಳೆ.

ಇನ್ನು ಕಳ್ಳತನ. ನನಗೆ ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು.

ವೀನಸ್ ಸುತ್ತ ಇರುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಗೆರೆಗಳು. ಅದು ಕೆಲಸ ಮಾಡುವ ರೀತಿ ಸರಳ. ಒಂದು ಕಡೆಯಿಂದ ಬೆಳಕು ಹೊರಡುತ್ತದೆ, ಎದುರಿಗಿರುವ ಫೋಟೋಸೆಲ್ ಮೇಲೆ ಬೀಳುತ್ತದೆ. ಬೀಳುತ್ತಿರುವವರೆಗೆ ಕರೆಂಟ್ ಹರಿಯುತ್ತದೆ. ನಡುವೆ ಏನಾದರೂ ಅಡ್ಡ ಬಂದರೆ ಕರೆಂಟ್ ನಿಲ್ಲುತ್ತದೆ, ಗಂಟೆ ಹೊಡೆದುಕೊಳ್ಳುತ್ತದೆ. ಅಡ್ಡ ಬಂದಿದ್ದು ಕಳ್ಳನ ಕೈಯೋ, ಚಿಟ್ಟೆಯೋ, ಅದಕ್ಕೆ ಗೊತ್ತಿಲ್ಲ. ಏನೋ ಅಡ್ಡ ಬಂತು ಅಂತ ಮಾತ್ರ ಹೇಳಬಲ್ಲದು. ಯಾಕೆ ಅಂತ ಕಂಡುಹಿಡಿಯುವುದು ಮನುಷ್ಯರ ಕೆಲಸ. ಸೈಮನ್ ಕೈ ಹಾಕುವುದು ಅಲ್ಲಿಗೇ, ಮನುಷ್ಯರು ಕಾರಣ ಹುಡುಕುವ ಜಾಗಕ್ಕೆ.

ಬೇರೆ ಸಿನಿಮಾಗಳಲ್ಲಾದರೆ ನಾಯಕ ಹಗ್ಗ ಕಟ್ಟಿಕೊಂಡು ಮೇಲಿನಿಂದ ಇಳಿಯುತ್ತಾನೆ, ವೈರ್ ಕತ್ತರಿಸುತ್ತಾನೆ. ಸೈಮನ್ ಪಾರ್ಕಿನಲ್ಲಿ ಆಟಿಕೆಯವನ ಹತ್ತಿರ ಒಂದು ಬೂಮರಾಂಗ್ ಕೊಳ್ಳುತ್ತಾನೆ. ನೋಡುವವರಿಗೆ ತಮಾಷೆ. ಆದರೆ ಬೂಮರಾಂಗೇ ಯಾಕೆ? ಚೆಂಡು ಎಸೆದರೂ ಬೆಳಕಿನ ಗೆರೆ ತುಂಡಾಗುತ್ತದೆ, ಗಂಟೆ ಹೊಡೆಯುತ್ತದೆ. ಆದರೆ ಚೆಂಡು ಅಲ್ಲೇ ಬಿದ್ದಿರುತ್ತದೆ. ಕಾವಲಿನವರು ಅದನ್ನು ಎತ್ತಿಕೊಂಡು, ಒಳಗೆ ಯಾರೋ ಇದ್ದಾರೆ ಅಂತ ಇಡೀ ಕಟ್ಟಡ ಜಾಲಾಡುತ್ತಾರೆ. ಬೂಮರಾಂಗ್ ಹೋಗಿ, ಗೆರೆ ಮುರಿದು, ಎಸೆದವನ ಕೈಗೇ ವಾಪಸ್ ಬರುತ್ತದೆ. ನೆಲದ ಮೇಲೆ ಏನೂ ಇಲ್ಲ. ವೀನಸ್ ಇದ್ದ ಹಾಗೇ ಇದೆ. ಓಡಿ ಬಂದವರಿಗೆ ಸಿಗುವುದು ಕಾರಣವಿಲ್ಲದ ಒಂದು ಕೂಗು. ಕಾರಣ ಸಿಗದಿದ್ದರೆ ನಾವೆಲ್ಲ ಏನು ಹೇಳುತ್ತೇವೆ? ಮಿಷನ್ ಕೆಟ್ಟಿದೆ ಅನ್ನುತ್ತೇವೆ.

ಮೊದಲ ಸಲ ಕಾವಲಿನವರು ಓಡಿ ಬರುತ್ತಾರೆ, ಪೊಲೀಸರು ಬರುತ್ತಾರೆ, ಎಲ್ಲ ಕಡೆ ಹುಡುಕುತ್ತಾರೆ. ಮತ್ತೆ ಹೊಡೆದಾಗ ಮುಖದಲ್ಲಿ ಗಾಬರಿಗಿಂತ ಬೇಜಾರು ಜಾಸ್ತಿ. ಅಷ್ಟು ಹೊತ್ತಿನಲ್ಲಿ ನಿದ್ದೆ ಕೆಟ್ಟ ದೊಡ್ಡವರಿಂದ ಫೋನ್ ಬರುತ್ತದೆ. ಕಾವಲಿನ ಮುಖ್ಯಸ್ಥ ಮೀಸೆ ಕುಣಿಸುತ್ತಾ, ಬೆವರುತ್ತಾ, ಕೊನೆಗೆ ಹೋಗಿ ಸ್ವಿಚ್ ಆಫ್ ಮಾಡುತ್ತಾನೆ. ನಮಗೆಲ್ಲ ಚಿಕ್ಕಂದಿನಲ್ಲಿ ಕೇಳಿದ ‘ತೋಳ ಬಂತು ತೋಳ’ ಕಥೆ ನೆನಪಾಗುತ್ತದೆ. ಆದರೆ ಅಲ್ಲಿ ಹುಡುಗ ಸುಳ್ಳು ಹೇಳಿದ್ದಕ್ಕೆ ಜನ ಬರುವುದನ್ನು ಬಿಟ್ಟರು. ಇಲ್ಲಿ ತೋಳ ಮೊದಲ ಕೂಗಿನಿಂದಲೂ ಮಂದೆಯ ನಡುವೆಯೇ ಇದೆ. ವೈಲರ್ ಇದನ್ನು ಆತುರವಿಲ್ಲದೆ ತೋರಿಸುತ್ತಾರೆ. ನಂಬಿಕೆ ಒಂದೇ ಏಟಿಗೆ ಹೋಗುವುದಿಲ್ಲ, ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಆ ಸವೆತವನ್ನು ನಗುನಗುತ್ತಾ ತೋರಿಸುವುದು ಸುಲಭ ಅಲ್ಲ.

ಈಗ ನಾನು ಹೇಳುವುದನ್ನು ಕೇಳಿ. ಸಿನಿಮಾ ಬಂದು 37 ವರ್ಷದ ಮೇಲೆ, 2003ರ ಮೇ 11ರ ಬೆಳಗಿನ ಜಾವ, ವಿಯೆನ್ನಾದ ಕುನ್ಸ್ಟ್‌ಹಿಸ್ಟೋರಿಷೆಸ್ ಮ್ಯೂಸಿಯಂಗೆ ಒಬ್ಬ ನುಗ್ಗಿದ. ರಿಪೇರಿಗೆ ಕಟ್ಟಿದ್ದ ಅಟ್ಟಣೆ ಹತ್ತಿ, ಕಿಟಕಿ ಒಡೆದು, ಗಾಜಿನ ಪೆಟ್ಟಿಗೆ ಒಡೆದು ಒಂದು ಕಲಾಕೃತಿ ಎತ್ತಿಕೊಂಡು ಹೋದ. ಅದು ಯಾರದ್ದು ಗೊತ್ತಾ? ಬೆನ್ವೆನುತೊ ಚೆಲ್ಲಿನಿಯದ್ದು! ಈ ಸಲ ಅಸಲಿ. ಫ್ರಾನ್ಸ್‌ನ ದೊರೆ ಮೊದಲನೆಯ ಫ್ರಾನ್ಸಿಸ್‌ಗಾಗಿ 1540ರಿಂದ 1543ರವರೆಗೆ ಚೆಲ್ಲಿನಿ ಮಾಡಿದ ಚಿನ್ನದ ಉಪ್ಪಿನ ಪಾತ್ರೆ, ‘ಸಲಿಯೇರಾ’. ಎತ್ತರ ಸುಮಾರು 26 ಸೆಂಟಿಮೀಟರ್. ಒಂದು ಕಡೆ ಸಮುದ್ರದೇವ, ಎದುರಿಗೆ ಭೂದೇವಿ, ಕಾಲು ಚಾಚಿ ಒರಗಿ ಕೂತಿದ್ದಾರೆ. ಬೆಲೆ ಸುಮಾರು 5 ಕೋಟಿ ಯೂರೋ ಅಂತ ಅಂದಾಜು.

ಅಲಾರಂ ಹೊಡೆಯಿತು. ಹೊಡೆಯದೆ ಇರಲಿಲ್ಲ. ಕಾವಲಿನವರು ಇದು ಸುಮ್ನೆ ಹೊಡೆದಿರಬೇಕು ಅಂತ ತಿಳಿದು ರೀಸೆಟ್ ಮಾಡಿದರು. ಕಳವಾಗಿದ್ದು ಗೊತ್ತಾಗಿದ್ದು ಬೆಳಗಾದ ಮೇಲೆ. ಕದ್ದವನು ಯಾರು ಅಂದರೆ ಅಲಾರಂ ವ್ಯವಸ್ಥೆಯನ್ನೇ ಕಸುಬಾಗಿ ಮಾಡಿಕೊಂಡಿದ್ದ ಮನುಷ್ಯ. ಗಂಟೆ ಹೊಡೆದಾಗ ಜನ ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಅನ್ನುವುದು ಅಂಥವನಿಗೆ ಗೊತ್ತಿರದೆ ಇರುತ್ತದೆಯೇ? ಆಮೇಲೆ ಅವನು ವಿಮಾ ಕಂಪನಿಯಿಂದ ಹಣ ಕೀಳಲು ಹೋದ. 2006ರ ಜನವರಿಯಲ್ಲಿ ಪೊಲೀಸರಿಗೆ ಶರಣಾಗಿ, ಕಾಡಿನಲ್ಲಿ ಪೆಟ್ಟಿಗೆಯಲ್ಲಿಟ್ಟು ಹೂತಿದ್ದ ಸಲಿಯೇರಾವನ್ನು ತೋರಿಸಿಕೊಟ್ಟ. ಅದು ಈಗ ವಿಯೆನ್ನಾದಲ್ಲಿ ಮೊದಲಿನ ಮ್ಯೂಸಿಯಂನಲ್ಲೇ ಇದೆ.

ಇದನ್ನು ಕೇಳಿದ ಮೇಲೆ ಸಿನಿಮಾದ ಆ ದಪ್ಪ ಮೀಸೆಯ ಕಾವಲುಗಾರರನ್ನು ಪೆದ್ದರು ಅಂತ ನಗಲು ನನಗೆ ಮನಸ್ಸಾಗುವುದಿಲ್ಲ. ರಾತ್ರಿ ಪಾಳಿಯ ಮನುಷ್ಯ, ಕಾರಣವಿಲ್ಲದ ಗಂಟೆ, ಮೇಲಿನವರ ಬೈಗುಳ. ಯಾರಾದರೂ ಅದನ್ನೇ ಮಾಡುತ್ತಿದ್ದರು. ಸಿನಿಮಾ ಬರುವ ಐದು ವರ್ಷ ಮೊದಲು, 1961ರಲ್ಲಿ, ಲಂಡನ್‌ನ ನ್ಯಾಷನಲ್ ಗ್ಯಾಲರಿಯಿಂದ ಗೋಯಾ ಬರೆದ ವೆಲ್ಲಿಂಗ್ಟನ್ ದೊರೆಯ ಚಿತ್ರ ಕಳುವಾಗಿತ್ತು. ಗ್ಯಾಲರಿ ಅದನ್ನು 1,40,000 ಪೌಂಡ್‌ಗೆ ಕೊಂಡು ಪ್ರದರ್ಶನಕ್ಕಿಟ್ಟು ಇನ್ನೂ ಒಂದು ತಿಂಗಳಾಗಿರಲಿಲ್ಲ. ಆಮೇಲೆ ತಾನಾಗಿ ಶರಣಾದವನ ಹೇಳಿಕೆ ಪ್ರಕಾರ, ಬೆಳಗಿನ ಜಾವ ನೆಲ ಒರೆಸುವವರು ಬರುತ್ತಾರೆ ಅಂತ ಅಲಾರಂ ಆಫ್ ಮಾಡಿರುತ್ತಿದ್ದರು. ನಿಕೋಲ್ ನೆಲ ಒರೆಸುವವಳ ವೇಷದಲ್ಲಿ ಬಕೆಟ್ ಹಿಡಿದದ್ದು ಇಂಥ ಕಾಲದಲ್ಲಿ. ಆ ವೇಷ ಕೊಡುವಾಗ ಸೈಮನ್ ಹೇಳುವ ಮಾತು ಕೇಳಿದಿರಲ್ಲ: ಜಿವಾಂಶಿಗೆ ಒಂದು ರಾತ್ರಿ ರಜೆ ಸಿಕ್ಕಿತು!

ಬೂಮರಾಂಗ್‌ಗಿಂತ ಮೊದಲು ಇನ್ನೊಂದು ಭಾಗ ಇದೆ, ನನಗೆ ಎಲ್ಲಕ್ಕಿಂತ ಪ್ರೀತಿಯದ್ದು. ಮ್ಯೂಸಿಯಂ ಮುಚ್ಚುವ ಹೊತ್ತಿಗೆ ಇಬ್ಬರೂ ಮೆಟ್ಟಿಲ ಕೆಳಗಿನ ಪೊರಕೆ, ಬಕೆಟ್ ಇಡುವ ಗೂಡಿನೊಳಗೆ ಸೇರಿಕೊಳ್ಳುತ್ತಾರೆ. ಒಬ್ಬರು ನಿಲ್ಲಲೂ ಕಷ್ಟವಾಗುವ ಜಾಗ. ಗಂಟೆಗಟ್ಟಲೆ ಕಾಯಬೇಕು. ಕಾವಲಿನವನು ಬಂದು ಹೊರಗಿನಿಂದ ಬೀಗ ಹಾಕಿ ಕೀಲಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ ಹೋಗುತ್ತಾನೆ. ನಿಕೋಲ್‌ಗೆ ಎದೆ ಧಸಕ್ ಅನ್ನುತ್ತದೆ. ಸೈಮನ್ ಸಮಾಧಾನವಾಗಿ ಒಂದು ಅಯಸ್ಕಾಂತ ತೆಗೆದು ಗೋಡೆಯ ಈ ಕಡೆಯಿಂದ ಹಿಡಿಯುತ್ತಾನೆ. ಆ ಕಡೆ ಕೀಲಿ ಅಲುಗಾಡುತ್ತದೆ, ಮೊಳೆಯಿಂದ ಕಳಚಿಕೊಳ್ಳುತ್ತದೆ, ಗೋಡೆಗೆ ಅಂಟಿಕೊಂಡು ಹುಳದ ಹಾಗೆ ತೆವಳುತ್ತಾ ಬೀಗದ ಹತ್ತಿರ ಬರುತ್ತದೆ. ಥಿಯೇಟರ್‌ನಲ್ಲಿ ಎಲ್ಲರೂ ಉಸಿರು ಹಿಡಿದಿದ್ದು ನನಗೆ ಕೇಳಿಸಿತು.

‘ಬೆನ್‌ಹರ್’ನಲ್ಲಿ ರಥಗಳ ಓಟ ತೋರಿಸಿದ ನಿರ್ದೇಶಕ ಇವರು. ಅಷ್ಟೇ ಉದ್ದಗಲದ ಪರದೆಗೆ ಒಗ್ಗಿದ ಕಣ್ಣು. ಇಲ್ಲೂ ಸಿನಿಮಾ ಅಗಲ ಪರದೆಯ ಪ್ಯಾನಾವಿಷನ್‌ನಲ್ಲೇ ಇದೆ. ಆ ಅಗಲವನ್ನು ಪೊರಕೆ ಗೂಡಿನಲ್ಲಿ ಕೂತ ಎರಡು ಮುಖಕ್ಕೆ ಬಳಸುತ್ತಾರೆ. ಹತ್ತಿರ ಹತ್ತಿರ ಎರಡು ಮುಖ, ಸುತ್ತ ಕತ್ತಲು, ಪಿಸುಮಾತು. ಒಂದು ಟೇಕ್ ಸರಿಯಾಗುವವರೆಗೆ ಮತ್ತೆ ಮತ್ತೆ ತೆಗೆಸುವುದರಲ್ಲಿ ವೈಲರ್ ಹೆಸರುವಾಸಿ. ನಟರಿಗೆ ಸುಸ್ತಾಗುತ್ತಿತ್ತು. ಆದರೂ ಈ ದೃಶ್ಯದಲ್ಲಿ ಆ ಶ್ರಮ ಎಲ್ಲೂ ಕಾಣುವುದಿಲ್ಲ.

ಈ ಗೂಡಿನಲ್ಲೇ ನಿಕೋಲ್‌ಗೆ ಒಂದು ವಿಷಯ ಹೊಳೆಯುತ್ತದೆ. ಸೈಮನ್‌ಗೆ ವೀನಸ್ ಸುಳ್ಳು ಅಂತ ಮೊದಲೇ ಗೊತ್ತಿದೆ. ಗೊತ್ತಿದ್ದೂ, ಕದ್ದರೆ ಕಾಸಿನ ಲಾಭ ಇಲ್ಲ ಅಂತ ತಿಳಿದೂ, ಸಿಕ್ಕಿಬಿದ್ದರೆ ಜೈಲು ಅಂತ ತಿಳಿದೂ ಅವನು ಇಲ್ಲಿ ಕೂತಿದ್ದಾನೆ. ಹಾಗಾದರೆ ಯಾಕೆ? ಅವಳು ಕೇಳುತ್ತಾಳೆ. ಅವನು ಉತ್ತರವಾಗಿ ಮುತ್ತು ಕೊಡುತ್ತಾನೆ. ಇಡೀ ಸಿನಿಮಾದಲ್ಲಿ ಎಲ್ಲರೂ ಸುಳ್ಳನ್ನು ನಿಜ ಅಂತ ನಂಬಿ ಬೆಲೆ ಕೊಡುತ್ತಿದ್ದಾರೆ. ಇವನೊಬ್ಬ ಸುಳ್ಳು ಅಂತ ಗೊತ್ತಿದ್ದೂ ಬೆಲೆ ಕೊಡುತ್ತಾನೆ, ಅವಳಿಗಾಗಿ. ನನಗೆ ಗೊತ್ತಿರುವ ಪ್ರೇಮನಿವೇದನೆಗಳಲ್ಲಿ ಇದು ಬಹಳ ಎತ್ತರದ್ದು. ‘ನನ್ನದಲ್ಲದ್ದನ್ನು ನಾನು ಕದಿಯುತ್ತೇನೆ ಅಂದುಕೊಂಡೆಯಾ?’ ಅಂತ ಅವಳು ಹಿಂದೊಮ್ಮೆ ರೇಗಿ ಕೇಳಿರುತ್ತಾಳೆ. ಆಗ ನಕ್ಕಿದ್ದ ನಮಗೆ ಆ ಮಾತಿನ ತೂಕ ಗೊತ್ತಾಗುವುದು ಗೂಡಿನೊಳಗೆ.

ಪ್ರೀತಿಗಾಗಿ ಕನ್ನ ಹಾಕುವವನು ನಮಗೆ ಹೊಸಬನಲ್ಲ. ಶೂದ್ರಕನ ‘ಮೃಚ್ಛಕಟಿಕ’ ನಾಟಕದ ಶರ್ವಿಲಕನನ್ನು ನಿಮ್ಮಲ್ಲಿ ಹಲವರು ರಂಗದ ಮೇಲೆ ನೋಡಿರುತ್ತೀರಿ. ಮದನಿಕೆಯನ್ನು ದಾಸ್ಯದಿಂದ ಬಿಡಿಸಲು ಅವನು ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಜನಿವಾರವನ್ನೇ ಅಳತೆ ದಾರ ಮಾಡಿಕೊಂಡು, ಈ ಇಟ್ಟಿಗೆ ಗೋಡೆಗೆ ಯಾವ ಆಕಾರದ ಕನ್ನ ಒಪ್ಪುತ್ತದೆ ಅಂತ ಯೋಚಿಸಿ, ಪೂರ್ಣಕುಂಭದ ಆಕಾರದಲ್ಲಿ ಕೊರೆಯುತ್ತಾನೆ. ಕೆಲಸದಲ್ಲಿ ಅಷ್ಟು ಶ್ರದ್ಧೆ! ಕದ್ದ ಒಡವೆ ನೋಡಿದರೆ ಮದನಿಕೆಯ ಒಡತಿ ವಸಂತಸೇನೆಯದ್ದೇ. ಕದ್ದ ಮಾಲು ಕೊನೆಗೆ ತನ್ನವರ ಮನೆಯದ್ದೇ ಆಗಿರುತ್ತದೆ. ಪ್ಯಾರಿಸ್‌ನ ನಿಕೋಲ್, ಸೈಮನ್ ಜೋಡಿಗೂ ಉಜ್ಜಯಿನಿಯ ಈ ಜೋಡಿಗೂ ಯಾವ ಸಂಪರ್ಕವೂ ಇಲ್ಲ. ಆದರೆ ನಮ್ಮ ನೋಡುಗರಿಗೆ ಸೈಮನ್ ಇಷ್ಟು ಬೇಗ ಹತ್ತಿರವಾಗಲು ಆ ಹಳೆಯ ಪರಿಚಯವೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಮ್ಯೂಸಿಯಂ ಬಗ್ಗೆ ಒಂದು ಮಾತು. ಸಿನಿಮಾದಲ್ಲಿ ಬರುವ ‘ಕ್ಲೇಬೆರ್-ಲಫಾಯೆಟ್’ ಮ್ಯೂಸಿಯಂ ನಿಜವಾಗಿ ಇಲ್ಲ. ಒಳಭಾಗ ಸ್ಟುಡಿಯೋದಲ್ಲಿ ಕಟ್ಟಿದ್ದು. ಅದರ ಹಿಂದಿನ ಕೈ ಅಲೆಕ್ಸಾಂಡರ್ ಟ್ರೌನರ್ ಅವರದ್ದು. ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಚಿತ್ರಕಲೆ ಕಲಿತು, ಪ್ಯಾರಿಸ್‌ಗೆ ಬಂದು ಸಿನಿಮಾ ಸೆಟ್ ಹಾಕುವುದರಲ್ಲಿ ಗುರುವೆನಿಸಿಕೊಂಡವರು. ಯಹೂದಿ ಆದ್ದರಿಂದ ನಾಜಿಗಳು ಫ್ರಾನ್ಸ್ ಹಿಡಿದಿದ್ದ ಕಾಲದಲ್ಲಿ ಅವರು ಅಡಗಿಕೊಂಡೇ, ಹೊರಗೆ ಗೊತ್ತಾಗದ ಹಾಗೆ ಸಿನಿಮಾಗಳಿಗೆ ಕೆಲಸ ಮಾಡಿದರು. ಅವರು ಹಾಕಿದ ಸೆಟ್ ಮುಂದೆ ಬೇರೆಯವರ ಹೆಸರು ನಿಲ್ಲಬೇಕಾಗಿತ್ತು. ಬೀರುವಿನ ಹಿಂದಿನ ಗುಟ್ಟಿನ ಕೋಣೆಯನ್ನು ಅಂಥವರು ಕಟ್ಟಿದ್ದಾರೆ ಅಂತ ತಿಳಿದರೆ ಆ ಕೋಣೆಯನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಆ ಸೆಟ್ಟಿನ ಗೋಡೆ ತುಂಬ ಹಳೆಯ ದೊಡ್ಡವರ ಚಿತ್ರಗಳ ನಕಲುಗಳು. ನಕಲಿಗಳ ಬಗ್ಗೆ ಸಿನಿಮಾ ಮಾಡಲು ಸಿನಿಮಾದವರೂ ಕೂತು ನಕಲು ಮಾಡಿಸಬೇಕಾಯಿತು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ಅಮೆರಿಕದ ಆ ಸಾಹುಕಾರ ಡೇವಿಸ್ ಲೆಲಂಡ್‌ಗೆ ಮೋಸ ಆಗಲಿಲ್ಲವಾ? ಈಲೈ ವಾಲಕ್ ಮಾಡಿದ ಪಾತ್ರ. ವೀನಸ್ ಮೇಲಿನ ಹುಚ್ಚಿನಿಂದ ಅವನು ನಿಕೋಲ್‌ಳನ್ನೇ ಮದುವೆಯಾಗಲು ಹೊರಡುತ್ತಾನೆ. ಕೊನೆಗೆ ಸೈಮನ್ ಕದ್ದ ಮೂರ್ತಿಯನ್ನು ಅವನಿಗೇ ಕೊಡುತ್ತಾನೆ. ಷರತ್ತು ಇಷ್ಟೇ: ಯಾರಿಗೂ ತೋರಿಸಬಾರದು, ಬೊನೆ ಕುಟುಂಬದ ಹತ್ತಿರ ಸುಳಿಯಬಾರದು. ಕಾಸಿನ ಲೆಕ್ಕದಲ್ಲಿ ನೋಡಿದರೆ ಮೋಸವೇ. ಆದರೆ ಲೆಲಂಡ್ ಮಾರಲು ಪಡೆದವನಲ್ಲ. ಸಿನಿಮಾ ಅವನ ಕೈಗೆ ಆ ಮೂರ್ತಿ ಬರುವಾಗಿನ ಮುಖವನ್ನು ತೋರಿಸುತ್ತದೆ. ಆ ಸಂತೋಷದಲ್ಲಿ ನಕಲಿ ಏನೂ ಇಲ್ಲ. ತಜ್ಞರು ಎಂದೂ ನೋಡುವುದಿಲ್ಲ, ಆದ್ದರಿಂದ ಅವನ ವೀನಸ್ ಎಂದೂ ಸುಳ್ಳಾಗುವುದಿಲ್ಲ. ನಿಜ ಜೀವನದಲ್ಲಿ ಹೀಗೆ ಆಗಲಿಲ್ಲ. ಸಿನಿಮಾ ಬಂದ ಮರುವರ್ಷ, 1967ರಲ್ಲಿ, ಟೆಕ್ಸಸ್‌ನ ಕಚ್ಚಾತೈಲದ ವ್ಯಾಪಾರಿ ಆಲ್ಗರ್ ಮೆಡೋಸ್ ಅವರು ಕೊಂಡ ಆಧುನಿಕ ಚಿತ್ರಗಳಲ್ಲಿ ಹತ್ತಾರು ನಕಲಿ ಅಂತ ಗೊತ್ತಾಯಿತು. ಅವುಗಳಲ್ಲಿ ಬಹಳಷ್ಟು ಬರೆದವನು ಎಲ್ಮಿರ್ ದ ಹೋರಿ. ಮೆಡೋಸ್ ಅದನ್ನು ಮುಚ್ಚಿಡಲಿಲ್ಲ, ಅಸಲಿ ಚಿತ್ರಗಳನ್ನು ಕೊಂಡು ಡಲ್ಲಾಸ್‌ನ ತಮ್ಮ ಮ್ಯೂಸಿಯಂ ಅನ್ನು ಮತ್ತೆ ತುಂಬಿಸಿದರು.

ಇನ್ನೊಬ್ಬರ ಪ್ರಶ್ನೆ: ಇವತ್ತಿನ ಕಾಲದಲ್ಲಿ ಇಂಥ ಕಳ್ಳತನ ಸಾಧ್ಯವಾ? 2025ರ ಅಕ್ಟೋಬರ್ 19ರಂದು ಪ್ಯಾರಿಸ್‌ನ ಲೂವ್ರ್‌ನಲ್ಲಿ ಆಗಿದ್ದು ನಿಮಗೆ ನೆನಪಿದೆ. ಹಾಡಹಗಲು, ಸಾಮಾನು ಮೇಲೆತ್ತುವ ಲಿಫ್ಟ್ ಇದ್ದ ಲಾರಿ ತಂದು, ಕಿಟಕಿ ಕತ್ತರಿಸಿ, ರಾಜಮನೆತನದ ಒಡವೆ ಎತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ಪರಾರಿ. 8.8 ಕೋಟಿ ಯೂರೋ ಮಾಲು. ಅವಸರದಲ್ಲಿ ಮಹಾರಾಣಿ ಯೂಜಿನಿಯ ಕಿರೀಟವನ್ನು ಬೀಳಿಸಿ ಹಾಳು ಮಾಡಿದರು. ಅವರಿಗೆ ಬೇಕಿದ್ದದ್ದು ಚಿನ್ನ, ಕಲ್ಲು. ಅಲ್ಲಿ ಯಾರನ್ನೂ ನಂಬಿಸುವ ಕೆಲಸ ಇರಲಿಲ್ಲ, ಕತ್ತರಿಸುವ ಮಿಷನ್ ಸಾಕಾಗಿತ್ತು. ಬೂಮರಾಂಗ್ ಹಿಡಿದು ಕಾಯುವವನಿಗೆ ಬೇಕಾಗುವುದು ಬೇರೆ. ರಾತ್ರಿಯೆಲ್ಲ ಸಮಯ ಬೇಕು, ಎದುರಿಗಿರುವವರ ಮನಸ್ಸು ಹೇಗೆ ಓಡುತ್ತದೆ ಅಂತ ಗೊತ್ತಿರಬೇಕು, ಪಕ್ಕದಲ್ಲಿ ಪಿಸುಗುಟ್ಟಲು ಒಬ್ಬರು ಇರಬೇಕು. ವಿಯೆನ್ನಾದ ಉದಾಹರಣೆ ಇರುವವರೆಗೆ, ಸಾಧ್ಯವಿಲ್ಲ ಅಂತ ನಾನಂತೂ ಹೇಳುವುದಿಲ್ಲ.